ನಾನು ಹಾಕ್ತೀನಿ, ಬೇರೆಯವರು ಹಾಕಲ್ಲ

ಅಮೆರಿಕದಲ್ಲಿರುವ ಕನ್ನಡದ ಗೆಳತಿಯರು ಆಗಾಗ ಕೇಳುತ್ತಾರೆ: ಇಲ್ಲಿನ ಚುನಾವಣೆಯಲ್ಲಿ ನಮ್ಮಂಥವರು ಮಾಡುವುದೇನಿದೆ, ವೋಟಿದ್ದರೆ ಹಾಕಿ ಬರುವುದು, ಇಲ್ಲದಿದ್ದರೆ ಟಿವಿ ಮುಂದೆ ಕೂತು ತಲೆ ಚಚ್ಚಿಕೊಳ್ಳುವುದು, ಅಷ್ಟೇ ಅಲ್ವಾ? ಅಷ್ಟೇ ಅಲ್ಲ. 2019 ಮತ್ತು 2020ರಲ್ಲಿ ನಾನು ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಹೊರಟಿದ್ದ ಸೆನೆಟರ್ ಎಲಿಜಬೆತ್ ವಾರನ್ ಪರವಾಗಿ ದುಡ್ಡು ಕೊಟ್ಟೆ, ಫೋನ್ ಮಾಡಿದೆ, ಹಿಮದಲ್ಲಿ ಮನೆ ಮನೆ ಬಾಗಿಲು ತಟ್ಟಿದೆ. ಅವರು ಅಧ್ಯಕ್ಷರಾಗಲಿಲ್ಲ, ಪಕ್ಷದ ಅಭ್ಯರ್ಥಿಯೂ ಆಗಲಿಲ್ಲ. ಆದರೂ ಬರೆಯಬೇಕು ಅನ್ನಿಸಿದೆ. ಒಬ್ಬ ಪ್ರಗತಿಪರ ಹೆಣ್ಣುಮಗಳು ಇಡೀ ದೇಶದ ಮುಂದೆ ನಿಂತಾಗ ಜನ ತಮ್ಮ ಮನೆ ಬಾಗಿಲಲ್ಲಿ ಏನು ಮಾತಾಡುತ್ತಾರೆ ಅನ್ನುವುದು ಟಿವಿ ಸ್ಟುಡಿಯೋದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ನಾನಿರುವುದು ಬಾಸ್ಟನ್ ಪಕ್ಕದ ಸಾಮರ್‌ವಿಲ್‌ನಲ್ಲಿ. ಮೊದಲು ಈ ಹುಚ್ಚು ಹತ್ತಿಸಿದ್ದು ವಾರನ್ ಅಲ್ಲ, ಅಯಾನಾ ಪ್ರೆಸ್ಲಿ. 2018ರಲ್ಲಿ ಅವರು ನಮ್ಮ ಕ್ಷೇತ್ರದಲ್ಲಿ ಸಂಸತ್ತಿಗೆ ನಿಂತರು, ಅದೂ ತಮ್ಮದೇ ಡೆಮಾಕ್ರಟಿಕ್ ಪಕ್ಷದ ಹಾಲಿ ಸದಸ್ಯ ಮೈಕಲ್ ಕ್ಯಾಪುವಾನೋ ವಿರುದ್ಧ. ಕ್ಯಾಪುವಾನೋ ಹತ್ತು ಸಲ ಗೆದ್ದವರು, ಹಿಂದೆ ನಮ್ಮ ಊರಿನ ಮೇಯರ್ ಆಗಿದ್ದವರು, ಕೆಟ್ಟ ಹೆಸರೇನೂ ಇರಲಿಲ್ಲ. ಸಮೀಕ್ಷೆಗಳಲ್ಲಿ ಅವರೇ ಮುಂದಿದ್ದರು. ಇವರಿಗೆ ಯಾಕಮ್ಮ ಅವಸರ, ತಮ್ಮ ಸರದಿ ಬರುವ ತನಕ ಕಾಯಬಾರದಾ ಅಂತ ದೊಡ್ಡವರೆಲ್ಲ ಹೇಳುತ್ತಿದ್ದರು. ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆಗೆ ಇಲ್ಲಿ ಪ್ರೈಮರಿ ಅನ್ನುತ್ತಾರೆ. ಸೆಪ್ಟೆಂಬರ್ 4ರ ಪ್ರೈಮರಿಯಲ್ಲಿ ಪ್ರೆಸ್ಲಿ ಸಲೀಸಾಗಿ ಗೆದ್ದು, ನಮ್ಮ ರಾಜ್ಯ ಮ್ಯಾಸಚೂಸೆಟ್ಸ್‌ನಿಂದ ಸಂಸತ್ತಿಗೆ ಹೋದ ಮೊದಲ ಕಪ್ಪು ಮಹಿಳೆಯಾದರು. ಆಗ ನನಗೆ ಗ್ರೀನ್ ಕಾರ್ಡ್ ಇತ್ತು, ವೋಟಿರಲಿಲ್ಲ. ಒಂದಷ್ಟು ಸಂಜೆ ಕರಪತ್ರ ಹಂಚಿದ್ದೆ, ಅಷ್ಟೇ. ಆದರೆ ಸರದಿ ಕಾಯದೆ ಗೆದ್ದ ಹೆಂಗಸನ್ನು ಹತ್ತಿರದಿಂದ ನೋಡಿದ ಮೇಲೆ ಸುಮ್ನೆ ಇರುವುದು ಕಷ್ಟವಾಯಿತು.

ಮುಂದಿನ ವರ್ಷ ನನಗೆ ಪೌರತ್ವ ಬಂತು. ವಾರನ್ ಆಗಲೇ ಅಧ್ಯಕ್ಷ ಚುನಾವಣೆಗೆ ಇಳಿದಿದ್ದರು. ಅವರ ಹತ್ತಾರು ಯೋಜನೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ: ಮಕ್ಕಳ ಡೇಕೇರ್. ಯಾವ ಮನೆಯೂ ತನ್ನ ಆದಾಯದ ಶೇಕಡಾ 7ಕ್ಕಿಂತ ಜಾಸ್ತಿ ಡೇಕೇರ್‌ಗೆ ಕೊಡಬಾರದು, ಬಡವರಿಗೆ ಪೂರ್ತಿ ಉಚಿತ. ದುಡ್ಡು ಎಲ್ಲಿಂದ? 5 ಕೋಟಿ ಡಾಲರ್‌ಗಿಂತ ಹೆಚ್ಚು ಆಸ್ತಿ ಇರುವವರು ಅದರಾಚೆಗಿನ ಪ್ರತಿ ಡಾಲರಿಗೆ ವರ್ಷಕ್ಕೆ ಎರಡು ಸೆಂಟ್ ಕೊಡಬೇಕು. ಅವರ ಸಭೆಗಳಲ್ಲಿ ಜನ ಎರಡು ಬೆರಳು ಎತ್ತಿ ‘ಎರಡು ಸೆಂಟ್, ಎರಡು ಸೆಂಟ್’ ಅಂತ ಕೂಗುತ್ತಿದ್ದರು. ತೆರಿಗೆ ಹಾಕುವುದಕ್ಕೆ ಜನ ಘೋಷಣೆ ಕೂಗುವುದನ್ನು ನಾನು ನೋಡಿದ್ದು ಅಲ್ಲೊಂದೇ ಕಡೆ.

ವಾರನ್ ಪ್ರತಿ ಸಭೆಯಲ್ಲೂ ತಮ್ಮ ಬೀ ದೊಡ್ಡಮ್ಮನ ಕಥೆ ಹೇಳುತ್ತಿದ್ದರು. ಹ್ಯೂಸ್ಟನ್‌ನಲ್ಲಿ ಕಾನೂನು ಪಾಠ ಹೇಳುವ ಹೊಸ ಕೆಲಸ, ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಒಂದು ಡೇಕೇರ್ ಆದ ಮೇಲೆ ಇನ್ನೊಂದು ಕೈಕೊಟ್ಟು, ಕೆಲಸ ಬಿಡುತ್ತೇನೆ ಅಂತ ಫೋನಿನಲ್ಲಿ ಅತ್ತಾಗ, ಓಕ್ಲಹೋಮಾದಿಂದ ಬೀ ದೊಡ್ಡಮ್ಮ ಏಳು ಸೂಟ್‌ಕೇಸ್ ಮತ್ತು ಬಡ್ಡಿ ಅನ್ನುವ ನಾಯಿ ಸಮೇತ ಬಂದಿಳಿದರು, ಬಂದವರು 16 ವರ್ಷ ಉಳಿದರು. ಎಲ್ಲರಿಗೂ ಇಂಥ ದೊಡ್ಡಮ್ಮ ಇರುವುದಿಲ್ಲ ಅನ್ನುವುದು ಅವರ ವಾದ. ನನಗೆ ಆ ಕಥೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಮಗಳು ಹುಟ್ಟಿದಾಗ ಅಮ್ಮ ಆರು ತಿಂಗಳು ಬಂದಿದ್ದರು, ಅವರು ವಿಮಾನ ಹತ್ತುವ ಮುಂಚೆ ನಮ್ಮ ಅತ್ತೆ ಇಳಿದರು, ಅವರ ಆರು ತಿಂಗಳೂ ಮುಗಿದ ಮೇಲೆ ನಾನೂ ನನ್ನ ಗಂಡನೂ ಕ್ಯಾಲೆಂಡರ್ ಇಟ್ಟುಕೊಂಡು ಮುಖ ಮುಖ ನೋಡಿಕೊಂಡೆವು. ಇಲ್ಲಿರುವ ಅರ್ಧ ಕನ್ನಡ ಮನೆಗಳ ಕಥೆ ಇದೇ. ನಮ್ಮ ಡೇಕೇರ್ ವ್ಯವಸ್ಥೆ ನಡೆಯುವುದು ವಿಸಿಟರ್ ವೀಸಾದ ಮೇಲೆ.

ಈಗ ದುಡ್ಡಿನ ವಿಷಯ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ಕಾನೂನು ಸರಳ. ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗೆ ದುಡ್ಡು ಕೊಡಬಹುದು. ಎಚ್‌-1ಬಿ ಅನ್ನುವ ಕೆಲಸದ ವೀಸಾ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ. ಆದರೆ ಸಂಬಳ ತೆಗೆದುಕೊಳ್ಳದೆ ವಾಲಂಟಿಯರ್ ಕೆಲಸ ಮಾಡಬಹುದು. ಇದು ತುಂಬ ಜನರಿಗೆ ಗೊತ್ತಿಲ್ಲ. ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಕೊಡಬಹುದಾದ ಮಿತಿ ಆಗ ಒಂದು ಚುನಾವಣೆಗೆ 2,800 ಡಾಲರ್ ಇತ್ತು. ಪ್ರೈಮರಿ ಒಂದು ಚುನಾವಣೆ, ನವೆಂಬರಿನದು ಇನ್ನೊಂದು. ನಾನು ಮಿತಿಯ ಹತ್ತಿರವೂ ಹೋಗಲಿಲ್ಲ ಬಿಡಿ, ತಿಂಗಳಿಗೆ ಇಷ್ಟು ಅಂತ ಆಕ್ಟ್‌ಬ್ಲೂ ಅನ್ನುವ, ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ದುಡ್ಡು ಕಳಿಸುವ ವೆಬ್‌ಸೈಟಿನಲ್ಲಿ ಹಾಕಿಟ್ಟಿದ್ದೆ. ವಾರನ್ ದೊಡ್ಡ ಕುಳಗಳ ಔತಣಕೂಟ ಮಾಡಿ ದುಡ್ಡು ಎತ್ತುವುದಿಲ್ಲ ಅಂತ ಪ್ರೈಮರಿಯ ಶುರುವಿನಲ್ಲೇ ಹೇಳಿದ್ದರಿಂದ ನಮ್ಮಂಥವರ ಚಿಲ್ಲರೆ ದುಡ್ಡೇ ಆಸರೆಯಾಗಿತ್ತು.

ಫಾರಂ ತುಂಬುವಾಗ ನೀವು ಎಲ್ಲಿ ಕೆಲಸ ಮಾಡುತ್ತೀರಿ, ಏನು ಕೆಲಸ ಅಂತ ಕೇಳುತ್ತಾರೆ. ಗಾಬರಿಯಾಗಬೇಡಿ, ಅದು ಕಾನೂನು. ಆದರೆ ಒಂದು ಗೊತ್ತಿರಲಿ: ಈ ಲೆಕ್ಕ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ, ಆಕ್ಟ್‌ಬ್ಲೂ ಮೂಲಕ ಹೋದರೆ ಸಣ್ಣ ಮೊತ್ತವೂ ಹೆಸರಿನ ಜೊತೆ ದಾಖಲಾಗುತ್ತದೆ. ಒಂದು ಯುಗಾದಿ ಊಟದಲ್ಲಿ ಪರಿಚಯದವರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ‘ಏನಮ್ಮಾ, ಭಾರಿ ದಾನ ಮಾಡ್ತಿದ್ದೀಯಂತೆ’ ಅಂದರು. ಮನೆಯಲ್ಲಿ ಕೂತು ಎಲ್ಲರ ಹೆಸರೂ ಹುಡುಕಿದ್ದರು ಅಂತ ಕಾಣುತ್ತದೆ. ಇನ್ನೊಂದು, ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ಕೇಳಿ ಕಂಡರಿಯದ ಊರುಗಳ ಅಭ್ಯರ್ಥಿಗಳೆಲ್ಲ ರಾತ್ರಿ ಹಗಲು ಮೆಸೇಜ್ ಕಳಿಸುತ್ತಾರೆ. ಬೇರೆ ಇಮೇಲ್ ಒಂದನ್ನು ಮಾಡಿಟ್ಟುಕೊಳ್ಳಿ.

ಹೆಣ್ಣು ಅಭ್ಯರ್ಥಿಗಳಿಗೆ ದುಡ್ಡು ಬೇಗ ಸಿಗಬೇಕು ಅನ್ನುವ ವಿಚಾರಕ್ಕೆ ಇಲ್ಲಿ ಒಂದು ಹಳೆಯ ಸಂಸ್ಥೆಯೇ ಇದೆ, ಎಮಿಲೀಸ್ ಲಿಸ್ಟ್. 1985ರಲ್ಲಿ ಶುರುವಾದದ್ದು. ಗರ್ಭಪಾತದ ಹಕ್ಕನ್ನು ಬೆಂಬಲಿಸುವ ಡೆಮಾಕ್ರಟಿಕ್ ಮಹಿಳೆಯರಿಗೆ ಮಾತ್ರ ಇವರ ಬೆಂಬಲ. ಅವರ ಲೆಕ್ಕಾಚಾರ ಏನೆಂದರೆ, ಮೊದಲೇ ಬಿದ್ದ ದುಡ್ಡು ಹಿಟ್ಟಿಗೆ ಹಾಕಿದ ಯೀಸ್ಟ್ ಇದ್ದ ಹಾಗೆ, ಅದು ಬಿದ್ದರೇ ಉಳಿದದ್ದು ಉಬ್ಬುವುದು. 1986ರಲ್ಲಿ ಬಾರ್ಬರಾ ಮಿಕುಲ್ಸ್ಕಿ ಸೆನೆಟ್‌ಗೆ ಗೆದ್ದದ್ದು ಇವರ ಮೊದಲ ದೊಡ್ಡ ಗೆಲುವು. ಒಪ್ಪುವ ಮಾತೇ. ಆದರೆ ಇದೇ ಸಂಸ್ಥೆ 2020ರಲ್ಲಿ ವಾರನ್‌ಗೆ ಬೆಂಬಲ ಘೋಷಿಸಿದ್ದು ಮಾರ್ಚ್ 2ಕ್ಕೆ. ಹದಿನಾಲ್ಕು ರಾಜ್ಯಗಳು ವೋಟು ಹಾಕುವ ಸೂಪರ್ ಟ್ಯೂಸ್‌ಡೇಗೆ ಒಂದೇ ದಿನ ಉಳಿದಿತ್ತು. ಕಣದಲ್ಲಿ ಹಲವು ಹೆಂಗಸರಿದ್ದರು, ಒಬ್ಬರನ್ನು ಆರಿಸುವುದು ಕಷ್ಟ ಅನ್ನುವುದು ಅರ್ಥವಾಗುತ್ತದೆ. ಆದರೂ ಅವತ್ತು ಆ ಸುದ್ದಿ ಓದಿ ನನಗೆ ನಗು ಬಂತು, ಒಳ್ಳೆಯ ನಗುವಲ್ಲ.

ನಾನು ಮೊದಲು ಮಾಡಿದ್ದು ಫೋನ್ ಕೆಲಸ. ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಕಂಪ್ಯೂಟರ್ ತಾನೇ ನಂಬರ್ ಹಾಕುತ್ತದೆ, ಹೆಚ್ಚಿನವರು ಎತ್ತುವುದಿಲ್ಲ, ಎತ್ತಿದವರು ಬೈದು ಇಡುತ್ತಾರೆ. ನನ್ನ ಉಚ್ಚಾರಣೆ ಕೇಳಿದ ಕೂಡಲೇ ಕೆಲವರು ಕಂಪ್ಯೂಟರ್ ರಿಪೇರಿ ವಂಚನೆಯ ಕರೆ ಅಂದುಕೊಳ್ಳುತ್ತಿದ್ದರು. ಒಬ್ಬಜ್ಜಿ ಮಾತ್ರ ಅರ್ಧ ಗಂಟೆ ತನ್ನ ಬೆಕ್ಕಿನ ಆಪರೇಷನ್ ಬಗ್ಗೆ ಹೇಳಿ, ಕೊನೆಗೆ ‘ವಾರನ್‌ಗೇ ಹಾಕುತ್ತೇನೆ, ಹೋಗು’ ಅಂದರು.

ನಿಜವಾದ ಕೆಲಸ ಬಾಗಿಲು ತಟ್ಟುವುದು. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ನ್ಯೂ ಹ್ಯಾಂಪ್‌ಶೈರ್ ಗಡಿ ಸಿಗುತ್ತದೆ. ಸುಮಾರು 14 ಲಕ್ಷ ಜನರ ಪುಟ್ಟ ರಾಜ್ಯ, ಆದರೆ ದೇಶದ ಮೊದಲ ಪ್ರೈಮರಿ ನಡೆಯುವುದು ಅಲ್ಲಿ. ಯಾವ ಪಕ್ಷಕ್ಕೂ ಸೇರದೆ ಹೆಸರು ನೋಂದಾಯಿಸಿದವರು ಅಲ್ಲಿ ತುಂಬ, ಅವರು ಆ ದಿನ ಯಾವ ಪಕ್ಷದ ಮತಪತ್ರವನ್ನಾದರೂ ಕೇಳಿ ಪಡೆಯಬಹುದು. ಹಾಗಾಗಿ ಕೊನೆಯ ವಾರದ ತನಕ ಯಾರ ಮನಸ್ಸೂ ಗಟ್ಟಿಯಾಗಿರುವುದಿಲ್ಲ. ನಾವು ಹೋಗುತ್ತಿದ್ದದ್ದು ನ್ಯಾಶುವಾಗೆ. ನನ್ನ ಜೊತೆ ಚಿಕ್ಕಮ್ಮನ ಮಗ ಬರುತ್ತಿದ್ದ. ಅವನದು ಎಚ್‌-1ಬಿ, ದುಡ್ಡು ಕೊಡುವ ಹಾಗಿಲ್ಲ, ‘ಅಕ್ಕ, ನಾನು ಕಾಲು ಕೊಡ್ತೀನಿ’ ಅಂತ ಹೊರಟಿದ್ದ.

ಕೆಲಸ ಹೀಗೆ. ಯಾರೋ ಒಬ್ಬ ಕಾರ್ಯಕರ್ತರ ಮನೆಯೇ ಅಡ್ಡೆ. ಅಡುಗೆಮನೆಯ ಮೇಜಿನ ಮೇಲೆ ಕಾಫಿ ಫ್ಲಾಸ್ಕು, ಡೋನಟ್ ಡಬ್ಬಿ, ಕರಪತ್ರದ ಕಟ್ಟು, ಕೈಬೆಚ್ಚಗೆ ಇಡುವ ಸಣ್ಣ ಪುಡಿ ಪೊಟ್ಟಣಗಳು. ಬಾಗಿಲಲ್ಲಿ ಬೂಟುಗಳ ರಾಶಿ, ಕೆಳಗೆ ಕರಗಿದ ಹಿಮದ ಉಪ್ಪು ನೀರು. ಇಪ್ಪತ್ತು ನಿಮಿಷದ ತರಬೇತಿ: ವಾದ ಮಾಡಬೇಡಿ, ನಿಮ್ಮ ಕಥೆ ಹೇಳಿ, ಅವರ ಕಥೆ ಕೇಳಿ, ಪಕ್ಕದ ಅಭ್ಯರ್ಥಿಯನ್ನು ಬೈಯಬೇಡಿ. ಆಮೇಲೆ ಫೋನಿಗೆ ಮಿನಿವ್ಯಾನ್ ಅನ್ನುವ ಆಪ್ ಹಾಕಿಕೊಂಡರೆ ನಿಮ್ಮ ಪಾಲಿನ ಬೀದಿಗಳು ನಕ್ಷೆಯಲ್ಲಿ ಮೂಡುತ್ತವೆ, ಪ್ರತಿ ಮನೆಗೂ ಮತದಾರರ ಹೆಸರು, ವಯಸ್ಸು, ಪಕ್ಷ. ಮಾತಾಡಿ ಬಂದ ಮೇಲೆ 1ರಿಂದ 5ರ ತನಕ ಅಂಕ ಹಾಕಬೇಕು. 1 ಅಂದರೆ ಗಟ್ಟಿ ನಮ್ಮವರು, 5 ಅಂದರೆ ಬೇರೆಯವರ ಪಾಲು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸಬೇಕು. ಮೇಲ್‌ಬಾಕ್ಸಿಗೆ ಹಾಕುವ ಹಾಗಿಲ್ಲ, ಅಂಚೆ ಚೀಟಿ ಇಲ್ಲದ್ದನ್ನು ಅದರೊಳಗೆ ಹಾಕುವುದು ಕಾನೂನಿಗೆ ವಿರುದ್ಧ.

ನ್ಯೂ ಹ್ಯಾಂಪ್‌ಶೈರ್‌ನವರಿಗೆ ಇದೆಲ್ಲ ಅಭ್ಯಾಸವಾಗಿ ಹೋಗಿದೆ. ‘ನಾನು ಆಕೆಯನ್ನು ಎರಡು ಸಲ ಭೇಟಿಯಾಗಿದ್ದೇನೆ, ನೀನು?’ ಅಂತ ನನ್ನನ್ನೇ ಕೇಳಿದವರಿದ್ದಾರೆ. ನಾಯಿಗಳೂ ಅಷ್ಟೇ, ಕರಪತ್ರ ನೋಡಿದ ಕೂಡಲೇ ಬೊಗಳುವುದು ನಿಲ್ಲಿಸುತ್ತಿದ್ದವು ಅಂತ ನನ್ನ ತಮ್ಮನ ವಾದ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಾಗಿಲು ತೆರೆದವರು ಹೆಚ್ಚಾಗಿ ಹೆಂಗಸರು, ಐವತ್ತು ದಾಟಿದವರು. ಒಳಗಿನ ಗಾಜಿನ ಬಾಗಿಲನ್ನು ಮೊಣಕೈಯಲ್ಲಿ ತಡೆದುಕೊಂಡು, ಚಳಿ ಒಳಗೆ ಬರದ ಹಾಗೆ ಮೈ ಅಡ್ಡ ಇಟ್ಟು ಮಾತಾಡುತ್ತಿದ್ದರು. ಒಬ್ಬರು ನಿವೃತ್ತ ನರ್ಸ್. ವಾರನ್‌ರ ಔಷಧಿ ಬೆಲೆಯ ಯೋಜನೆಯನ್ನು ನನಗಿಂತ ಚೆನ್ನಾಗಿ ಓದಿಕೊಂಡಿದ್ದರು. ಎಲ್ಲರಿಗಿಂತ ಬುದ್ಧಿವಂತೆ ಆಕೆಯೇ, ಅದರಲ್ಲಿ ಅನುಮಾನವೇ ಇಲ್ಲ ಅಂದರು. ನಾನು ಮನಸ್ಸಿನಲ್ಲೇ 1 ಅಂತ ಬರೆದುಕೊಂಡೆ. ಆಮೇಲೆ ಅವರು ಸ್ವಲ್ಪ ದನಿ ತಗ್ಗಿಸಿ, ‘ನಾನು ಹಾಕ್ತೀನಮ್ಮಾ, ಬೇರೆಯವರು ಹಾಕಲ್ಲ. ಪೆನ್ಸಿಲ್ವೇನಿಯಾದವರು, ವಿಸ್ಕಾನ್ಸಿನ್‌ನವರು ಹೆಂಗಸಿಗೆ ಹಾಕಲ್ಲ. ಈ ಸಲ ಸೋಲುವ ಹಾಗಿಲ್ಲ, ಅದಕ್ಕೇ ಯೋಚಿಸ್ತಿದ್ದೀನಿ’ ಅಂದರು. ಪಕ್ಕದ ಮನೆಯಲ್ಲಿ ಇದೇ ಮಾತು. ಅದರ ಪಕ್ಕದ ಮನೆಯಲ್ಲೂ ಇದೇ ಮಾತು. ಇಡೀ ಬೀದಿ ತಾನು ಹಾಕುತ್ತೇನೆ, ಬೇರೆಯವರು ಹಾಕುವುದಿಲ್ಲ ಅನ್ನುತ್ತಿತ್ತು. ಹಾಗಾದರೆ ಹಾಕದವರು ಯಾರು? ಅವರ ಮನೆ ನನ್ನ ಆಪ್‌ನಲ್ಲಿ ಇರಲೇ ಇಲ್ಲ.

ಇದು ಯಾವ ಊರಿನ ಮಾತು ನೋಡಿ. 2012ರ ಚುನಾವಣೆ ಮುಗಿಯುವ ಹೊತ್ತಿಗೆ ಈ ರಾಜ್ಯ ಗವರ್ನರ್, ಇಬ್ಬರು ಸೆನೆಟರ್, ಇಬ್ಬರು ಸಂಸದರು, ಅಷ್ಟೂ ಸ್ಥಾನದಲ್ಲಿ ಹೆಂಗಸರನ್ನೇ ಕೂರಿಸಿತ್ತು. ಸಂಸತ್ತಿಗೆ ಬರೀ ಹೆಂಗಸರನ್ನೇ ಕಳಿಸಿದ ಮೊದಲ ರಾಜ್ಯ ಇದು. ನಾನು ಬಾಗಿಲು ತಟ್ಟುತ್ತಿದ್ದ ದಿನವೂ ಅಲ್ಲಿನ ಇಬ್ಬರು ಸೆನೆಟರುಗಳು ಜೀನ್ ಶಹೀನ್ ಮತ್ತು ಮ್ಯಾಗಿ ಹಸನ್. 2016ರಲ್ಲಿ ಹಿಲರಿ ಕ್ಲಿಂಟನ್ ಈ ರಾಜ್ಯವನ್ನು ಮೂರು ಸಾವಿರಕ್ಕಿಂತ ಕಡಿಮೆ ವೋಟಿನಿಂದಾದರೂ ಗೆದ್ದಿದ್ದರು, ದೇಶದ ಒಟ್ಟು ವೋಟಿನಲ್ಲಿ 28 ಲಕ್ಷಕ್ಕೂ ಹೆಚ್ಚು ಮುಂದಿದ್ದರು, ಆದರೂ ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ನಂಥ ರಾಜ್ಯಗಳನ್ನು ಕಳೆದುಕೊಂಡು ಟ್ರಂಪ್ ಎದುರು ಸೋತಿದ್ದರು. ಹೆಂಗಸಿಗೆ ವೋಟು ಹಾಕಿ ಹಾಕಿ ರೂಢಿಯಿದ್ದ ಜನರೇ ಹೆಂಗಸಿಗೆ ಯಾರೂ ಹಾಕುವುದಿಲ್ಲ ಅನ್ನುತ್ತಿದ್ದರು. 2016ರ ಪೆಟ್ಟು ಅಷ್ಟು ಆಳಕ್ಕೆ ಬಿದ್ದಿತ್ತು.

ಜನವರಿ 14ರ ಡಿಬೇಟಿನಲ್ಲಿ ವಾರನ್ ಇದಕ್ಕೆ ಲೆಕ್ಕದಲ್ಲೇ ಉತ್ತರ ಕೊಟ್ಟಿದ್ದರು: ಈ ವೇದಿಕೆಯ ಮೇಲಿರುವ ಗಂಡಸರೆಲ್ಲ ಸೇರಿ ಹತ್ತು ಚುನಾವಣೆ ಸೋತಿದ್ದಾರೆ, ನಿಂತ ಪ್ರತಿ ಚುನಾವಣೆಯನ್ನೂ ಗೆದ್ದವರು ನಾನು ಮತ್ತು ಏಮಿ ಕ್ಲೋಬುಚಾರ್ ಮಾತ್ರ ಅಂತ. ಏಮಿ ಕೂಡ ಅದೇ ಕಣದಲ್ಲಿದ್ದ ಸೆನೆಟರ್. ನಾನು ಅದನ್ನು ಬಾಗಿಲಲ್ಲಿ ಹೇಳಿ ನೋಡಿದೆ. ಜನ ನಗುತ್ತಿದ್ದರು, ಚಪ್ಪಾಳೆ ತಟ್ಟಿದವರೂ ಇದ್ದರು, ಮನಸ್ಸು ಬದಲಿಸಿದವರು ಕಡಿಮೆ. ಅಂಕಿ ಅಂಶ ಭಯವನ್ನು ಓಡಿಸುವುದಿಲ್ಲ. ಸ್ವಲ್ಪ ಕೆಲಸ ಮಾಡಿದ್ದು ಒಂದೇ ಪ್ರಶ್ನೆ: ‘ಬೇರೆಯವರನ್ನು ಬಿಡಿ, ಜನವರಿಯಲ್ಲಿ ಯಾರು ಆ ಕುರ್ಚಿಯಲ್ಲಿ ಕೂರಬೇಕು ಅಂತ ನಿಮಗೆ ಆಸೆ?’ ಈ ಪ್ರಶ್ನೆ ಕೇಳಿ ಸುಮ್ಮನಿರಬೇಕು. ನರ್ಸಮ್ಮ ಬಹಳ ಹೊತ್ತು ಯೋಚಿಸಿ ‘ಆಕೆಯೇ’ ಅಂದರು. ಆಮೇಲೆ ಏನು ಮಾಡಿದರೋ.

ಎಲ್ಲವನ್ನೂ ಹೆಣ್ಣು ಅನ್ನುವ ಕಾರಣಕ್ಕೇ ಕಟ್ಟುವುದೂ ಸರಿಯಲ್ಲ. 2019ರ ಅಕ್ಟೋಬರಿನಲ್ಲಿ ಸಮೀಕ್ಷೆಗಳಲ್ಲಿ ಮುಂದಿದ್ದ ವಾರನ್, ಎಲ್ಲರಿಗೂ ಸರ್ಕಾರಿ ವಿಮೆ ಅನ್ನುವ ಯೋಜನೆಯನ್ನು ನವೆಂಬರಿನಲ್ಲಿ ಬಿಡಿಸಿ ಹೇಳಲು ಹೋಗಿ ಎರಡೂ ಕಡೆಯಿಂದ ಏಟು ತಿಂದರು. ‘ಯೂನಿಯನ್‌ನವರು ಹೋರಾಡಿ ಕೊಡಿಸಿದ ವಿಮೆ ನಂದು, ಅದನ್ನು ಕಿತ್ತುಕೊಳ್ತೀರಾ?’ ಅಂತ ಒಬ್ಬ ಫೈರ್‌ಮ್ಯಾನ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ನನ್ನ ಬಳಿ ಒಂದು ವಾಕ್ಯದ ಉತ್ತರ ಇರಲಿಲ್ಲ, ವಾರನ್ ಬಳಿಯೂ ಇರಲಿಲ್ಲ ಅನ್ನಿಸುತ್ತದೆ.

ಒಂದು ಭಾನುವಾರ ವಾಪಸ್ ಬರುವಾಗ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡೆ. ಅಮ್ಮನ ತವರು ಮೂಡಿಗೆರೆ ಕಡೆ. ‘ಅದೇನೇ ಅದು, ನಮ್ಮೂರಲ್ಲಿ 78ರಲ್ಲಿ ಇಂದಿರಾ ಗಾಂಧಿ ಬಂದು ನಿಂತಾಗ ಯಾರೂ ಹಿಂಗೆ ಕೇಳ್ಲಿಲ್ವಲ್ಲ’ ಅಂದರು. ನಿಜ, ಚಿಕ್ಕಮಗಳೂರಿನ ಆ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರಂಥವರು ಎದುರಿದ್ದರೂ ಇಂದಿರಾ 70 ಸಾವಿರಕ್ಕೂ ಹೆಚ್ಚು ವೋಟಿನಿಂದ ಗೆದ್ದಿದ್ದರು. ಆದರೆ ಅಮ್ಮಾ, ಅವರು ನೆಹರೂ ಮಗಳು, ಅಷ್ಟು ಹೊತ್ತಿಗೆ ಹತ್ತು ವರ್ಷದ ಮೇಲೆ ಪ್ರಧಾನಿಯಾಗಿದ್ದವರು, ಅಂದೆ. ಹೆಸರಿಲ್ಲದ ಮನೆಯ ಹೆಣ್ಣುಮಕ್ಕಳಿಗೆ ನಮ್ಮಲ್ಲೂ ಟಿಕೆಟ್ ಹಂಚುವಾಗ ಹೇಳುವುದು ಇದನ್ನೇ: ಗೆಲ್ಲುವ ಕುದುರೆ ಬೇಕು. 2024ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಗೆದ್ದ ಹೆಂಗಸರು ಮೂವರು, ಪ್ರಭಾ ಮಲ್ಲಿಕಾರ್ಜುನ್, ಪ್ರಿಯಾಂಕಾ ಜಾರಕಿಹೊಳಿ, ಶೋಭಾ ಕರಂದ್ಲಾಜೆ. ಅವರಲ್ಲಿ ಇಬ್ಬರು ಸಚಿವರ ಮನೆಯವರು.

ಕೊನೆಯ ವಾರ ಎಲ್ಲ ತಲೆಕೆಳಗಾಯಿತು. ಫೆಬ್ರವರಿ 3ಕ್ಕೆ, ಪ್ರೈಮರಿಯ ಬದಲು ಕಾಕಸ್ ಅನ್ನುವ ಸಭೆಗಳಲ್ಲಿ ಅಭ್ಯರ್ಥಿಯನ್ನು ಆರಿಸುತ್ತಿದ್ದ ಅಯೋವಾದಲ್ಲಿ ಎಣಿಕೆಯ ಆಪ್ ಕೆಟ್ಟು ಫಲಿತಾಂಶವೇ ದಿನಗಟ್ಟಲೆ ಬರಲಿಲ್ಲ, ವಾರನ್ ಅಲ್ಲಿ ಮೂರನೆಯವರಾದ ಸುದ್ದಿ ಅದರಲ್ಲಿ ಮುಳುಗಿಹೋಯಿತು. 7ಕ್ಕೆ ಮ್ಯಾಂಚೆಸ್ಟರ್‌ನಲ್ಲಿ ಡಿಬೇಟ್ ಆಯಿತು, ಕ್ಲೋಬುಚಾರ್ ಚೆನ್ನಾಗಿ ಮಾತಾಡಿದರು. ಮಾರನೆಯ ದಿನ ನಾವು ಅದೇ ಬೀದಿಗೆ ಹೋದರೆ ನಾವೇ 1 ಹಾಕಿದ್ದ ಮನೆಗಳಲ್ಲಿ ‘ಏಮಿ ಕಡೆ ಮನಸ್ಸು ವಾಲ್ತಿದೆ’ ಅನ್ನುತ್ತಿದ್ದರು. ನನ್ನ ತಮ್ಮ ತಲೆ ಕೆರೆದುಕೊಂಡು ‘ಅಕ್ಕ, ಹೆಂಗಸು ಗೆಲ್ಲಲ್ಲ ಅಂತ ಇನ್ನೊಬ್ಬ ಹೆಂಗಸಿಗೆ ಹಾಕ್ತಾರಾ?’ ಅಂದ. ಹಾಕಿದರು ನೋಡಿ. 11ರ ರಾತ್ರಿ ಎಣಿಕೆಯಾದಾಗ ಬರ್ನಿ ಸ್ಯಾಂಡರ್ಸ್ ಶೇಕಡಾ 26ರ ಹತ್ತಿರ ಮೊದಲ ಸ್ಥಾನ, ಪೀಟ್ ಬುಟಿಜೆಜ್ ಎರಡನೆಯವರು, ಕ್ಲೋಬುಚಾರ್ ಶೇಕಡಾ 20ರ ಹತ್ತಿರ ಮೂರನೆಯವರು, ವಾರನ್‌ಗೆ ಶೇಕಡಾ 9 ಚಿಲ್ಲರೆ, ನಾಲ್ಕನೆಯ ಸ್ಥಾನ, ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳಲ್ಲಿ ಒಬ್ಬರೂ ಸಿಗಲಿಲ್ಲ. ಆದರೆ ಇಬ್ಬರು ಹೆಂಗಸರ ವೋಟು ಕೂಡಿಸಿ ನೋಡಿ, ಗೆದ್ದವರಿಗಿಂತ ಜಾಸ್ತಿ. ಈ ಲೆಕ್ಕವನ್ನು ಅವತ್ತು ಟಿವಿಯಲ್ಲಿ ಯಾರೂ ಹಾಕಿದ ಹಾಗೆ ನೆನಪಿಲ್ಲ.

ಮಾರ್ಚ್ 3ಕ್ಕೆ ನಾನು ಈ ದೇಶದ ಅಧ್ಯಕ್ಷ ಚುನಾವಣೆಯಲ್ಲಿ ಮೊದಲ ಸಲ ವೋಟು ಹಾಕಿದೆ. ವಾರನ್ ತಮ್ಮ ಸ್ವಂತ ರಾಜ್ಯದಲ್ಲೇ ಬೈಡನ್, ಸ್ಯಾಂಡರ್ಸ್ ನಂತರ ಮೂರನೆಯವರಾದರು. 5ಕ್ಕೆ ಕೇಂಬ್ರಿಡ್ಜ್‌ನ ತಮ್ಮ ಮನೆಯ ಮುಂದೆ ನಿಂತು ಕಣದಿಂದ ಹಿಂದೆ ಸರಿದರು. ನೀವು ಸೋತದ್ದಕ್ಕೆ ಹೆಣ್ಣಾಗಿದ್ದೂ ಕಾರಣವಾ ಅಂತ ಪತ್ರಕರ್ತರು ಕೇಳಿದ್ದಕ್ಕೆ ಅವರು ಹೇಳಿದ್ದರ ಸಾರ ಇಷ್ಟು: ಹೌದು ಅಂದರೆ ಗೋಳು ಹೊಯ್ದುಕೊಳ್ಳುತ್ತಾಳೆ ಅನ್ನುತ್ತಾರೆ, ಇಲ್ಲ ಅಂದರೆ ನೀನು ಯಾವ ಲೋಕದಲ್ಲಿದ್ದೀಯಾ ಅಂತ ಹೆಂಗಸರು ಕೇಳುತ್ತಾರೆ. 2024ರಲ್ಲಿ ಕಮಲಾ ಹ್ಯಾರಿಸ್ ಸೋತ ಮೇಲೆ ‘ನಾವು ಹೇಳಿರಲಿಲ್ವಾ’ ಅನ್ನುವವರ ದನಿ ಇನ್ನೂ ಏರಿದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅವರು ಗೆದ್ದಿದ್ದರು, ಅದು ಬೇರೆ ಮಾತು.

ನಾನು ಈಗ ಅಧ್ಯಕ್ಷ ಚುನಾವಣೆಗಿಂತ ಸಂಸತ್ತಿನ ಪ್ರೈಮರಿಗಳ ಕಡೆ ಜಾಸ್ತಿ ನೋಡುತ್ತೇನೆ. ಅಲ್ಲಿ ವೋಟು ಹಾಕಲು ಬರುವವರು ಕಡಿಮೆ, ಹಾಗಾಗಿ ನಾಲ್ಕು ಬೀದಿ ಸುತ್ತಿದರೆ ಅದಕ್ಕೆ ತೂಕವಿದೆ. ದುಡ್ಡು ಕೊಡುವುದಾದರೂ ಪೈಪೋಟಿ ಶುರುವಾಗುವ ಮೊದಲೇ ಕೊಡುತ್ತೇನೆ, ಹೆಸರು ಟಿವಿಯಲ್ಲಿ ಬಂದ ಮೇಲಲ್ಲ. ಚಿಕ್ಕಮ್ಮನ ಮಗ ಇನ್ನೂ ಗ್ರೀನ್ ಕಾರ್ಡ್ ಸಾಲಿನಲ್ಲೇ ಇದ್ದಾನೆ, ಭಾರತದವರ ಸಾಲು ಎಷ್ಟು ಉದ್ದ ಅಂತ ಗೊತ್ತಲ್ಲ. 2022ರಲ್ಲಿ ಮ್ಯಾಗಿ ಹಸನ್ ಮತ್ತೆ ಸೆನೆಟ್‌ಗೆ ನಿಂತಾಗ ಅವನೇ ಕಾರು ತೆಗೆದ. ಹಸನ್ ನನಗೆ ಬೇಕಾದಷ್ಟು ಪ್ರಗತಿಪರರೇನಲ್ಲ, ಆದರೆ ಗರ್ಭಪಾತದ ಹಕ್ಕಿನ ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ ವರ್ಷ ಅದು, ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಆ ಸಲ ಬಾಗಿಲುಗಳಲ್ಲಿ ಬೇರೆಯವರು ಏನು ಮಾಡುತ್ತಾರೋ ಅಂತ ನನಗೆ ಯಾರೂ ಹೇಳಲಿಲ್ಲ. ತಮಗೆ ಏನು ಬೇಕು ಅಂತ ನೇರವಾಗಿ ಹೇಳಿದರು, ಹಸನ್ ಗೆದ್ದರು.

ಬರುವ ಸಲ ನೀವೂ ಹೊರಡುವುದಾದರೆ ನೀರು ಒಳಗಿಳಿಯದ ಬೂಟು ಹಾಕಿಕೊಳ್ಳಿ, ಫೋನ್ ಚಾರ್ಜರ್ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ತಿನ್ನಲು ಏನಾದರೂ ತನ್ನಿ. ಅಡ್ಡೆಯ ಡೋನಟ್ ಹತ್ತು ಗಂಟೆಗೇ ಖಾಲಿಯಾಗಿರುತ್ತದೆ.